ಎಡಗಾಲಿನ ಹಿಮ್ಮಡಿ

ಹಾಲ್ಬೇರಾಳ ಬೂಟು ಇನ್ನೂ ನನ್ನ ಅಂಗಡಿಯಲ್ಲಿದೆ.
ಮೂರನೆಯ ಹಲಗೆ, ಕಿಟಕಿಯ ಪಕ್ಕ,
ಚೀಟಿಯಲ್ಲಿ ನನ್ನದೇ ಕೈಬರಹ: ಅಟ್ಟೆ ಎರಡು, ಹಿಮ್ಮಡಿ ಒಂದು,
ಬಾಕಿ ನಲವತ್ತು ಕ್ರೋನ.
ಯಾರ ಒಂದು ಕಾಸೂ ಇಟ್ಟುಕೊಂಡವಳಲ್ಲ,
ನನಗೆ ಮಾತ್ರ ಸಾಲಗಾರ್ತಿಯಾಗಿ ಸತ್ತಳು.

ಅವಳಿಗೆ ಓಟು ಹಾಕಿದವನಲ್ಲ ನಾನು, ಮೊದಲೇ ಹೇಳಿಬಿಡುತ್ತೇನೆ.
ನಮ್ಮಪ್ಪ ದೋಣಿ ಮಾಲೀಕರ ಕಡೆ, ನಾನೂ ಅದೇ ಕಡೆ.
ಚುನಾವಣೆಯ ದಿನ ಕೋಟು ತೊಟ್ಟು ಹೋಗಿ
ಅವಳ ಪಟ್ಟಿಯ ಮೇಲೆ ಕಣ್ಣು ಹಾಯಿಸಿ
ಪಕ್ಕದ್ದಕ್ಕೆ ಸೀಸದಕಡ್ಡಿಯಲ್ಲಿ ಗುರುತು ಹಾಕಿ ಬರುತ್ತಿದ್ದೆ.
ಆದರೆ ಮನುಷ್ಯರನ್ನು ನಾನು ಓದುವುದು ಅಡಿಯಿಂದ.

ಅವಳ ಎಡಗಾಲಿನ ಹಿಮ್ಮಡಿಯೇ ಮೊದಲು ಸವೆಯುತ್ತಿತ್ತು,
ಯಾವಾಗಲೂ, ಹೊರಗಡೆಯ ಅಂಚು.
'ಎಡಪಂಥದ ರೋಗ' ಎಂದು ನಗುತ್ತಿದ್ದೆ.
ಅವಳಿಗೆ ನಗು ಬರುತ್ತಿರಲಿಲ್ಲ. ಹದಿನಾಲ್ಕಕ್ಕೇ
ಬಂದರುಕಟ್ಟೆಯ ಮೇಲೆ ಪೀಪಾಯಿಯೊಳಕ್ಕೆ ಬಗ್ಗಿ
ರಾತ್ರಿಯೇ ಇಲ್ಲದ ಬೇಸಿಗೆಯುದ್ದಕ್ಕೂ
ಹೆರಿಂಗ್ ಮೀನಿಗೆ ಉಪ್ಪು ತುಂಬಿದವಳು,
ಒಂದೇ ಕಾಲಿಗೆ ಭಾರ ಬಿಟ್ಟು ಬಿಟ್ಟು
ಸೊಂಟ ಒಂದು ಕಡೆಗೆ ವಾಲಿತ್ತು.
ತುಂಬಿದ ಪೀಪಾಯಿಗೊಂದು ತಗಡಿನ ಬಿಲ್ಲೆ,
ಬೂಟಿನೊಳಗೇ ಹಾಕಿಕೊಳ್ಳಬೇಕು.
ಒಂದು ಸಂಜೆ ಬೂಟು ಬೋರಲು ಹಾಕಿದರೆ ಹನ್ನೊಂದು,
ಮಾಲೀಕನ ಪುಸ್ತಕದಲ್ಲಿ ಒಂಬತ್ತು.
ಆವತ್ತು ಕಮ್ಯುನಿಸ್ಟ್ ಆದಳು. ಓದಿದ್ದೆಲ್ಲ ಆಮೇಲೆ.

ಊರ ಸಭೆ, ಮುಂದೆ ರಾಜಧಾನಿಯ ಸಂಸತ್ತು, ಎರಡು ಅವಧಿ.
ಅಲ್ಲೇನು ಮಾಡಿದಳು ಎಂದು ಕೇಳಿದರೆ
ಸಿಲ್ಡರ್‌ವಿಕ್‌ನಲ್ಲಿ ಹೇಳುವುದು ಒಂದೇ:
ಕಟ್ಟೆಯ ಹುಡುಗಿಯರ ಕೈಗೆ ಬಿಸಿನೀರಿನ ಕೊಳಾಯಿ ತಂದಳು.
ಭಾಷಣ ಯಾರಿಗೂ ನೆನಪಿಲ್ಲ.
ನನಗೆ ಒಂದು ನೆನಪಿದೆ. ಬೇಡ, ಬಿಡಿ.

ಬುಡಾಪೆಸ್ಟಿಗೆ ಟ್ಯಾಂಕು ನುಗ್ಗಿದ ವಾರ
ಒಳಬಂದು ಕೂತಳು. ರಿಪೇರಿಗೆ ಏನೂ ತಂದಿರಲಿಲ್ಲ.
ತುಟಿಯಂಚಿನಲ್ಲಿ ಮೊಳೆಗಳ ಜೊತೆ
ಚುಚ್ಚುಮಾತುಗಳನ್ನೂ ಕಚ್ಚಿಕೊಂಡಿದ್ದೆ ನಾನು.
ಬಹಳ ಹೊತ್ತಾದ ಮೇಲೆ ಅಂದಳು: 'ಎಡವಿದೆವು.'
ಅಷ್ಟೇ.
ಮೊಳೆ ಉಗಿದು ಕಾಫಿ ಕಾಸಿದೆ.
ಪಕ್ಷ ಬಿಡಲಿಲ್ಲ ಅವಳು. ಯಾಕೆಂದು ನಾನು ಕೇಳಲಿಲ್ಲ,
ಕೇಳಬೇಕಿತ್ತು ಅನ್ನಿಸುತ್ತದೆ, ಈಗ, ಚರ್ಮ ಕತ್ತರಿಸುವಾಗ.

ಆಮೇಲೆ ಶುರುವಾದವು ಆ ನಡಿಗೆಗಳು.
ಅಮೆರಿಕನ್ನರ ವಿಮಾನನೆಲೆಯ ಬೇಲಿಯಿಂದ ರಾಜಧಾನಿಯ ಚೌಕದವರೆಗೆ
ಐವತ್ತು ಕಿಲೋಮೀಟರು, ಲಾವಾ ಕಲ್ಲು, ಪಾಚಿ, ಎದುರುಗಾಳಿ,
ಮಳೆಯೂ ಅಡ್ಡಡ್ಡ ಬೀಳುವ ದಾರಿ.
ಒಂದು ವರ್ಷ ಇನ್ನೂರು ಜನ, ಇನ್ನೊಂದು ವರ್ಷ ನಲವತ್ತು,
ಅವರಲ್ಲಿ ಆರು ಜನ ಪೊಲೀಸರು.
ಪ್ರತಿ ಸಲವೂ ಮುಂಚಿನ ವಾರ ನನ್ನಲ್ಲಿಗೆ ಬೂಟು,
ಜೊತೆಗೊಂದು ಕಾಗದ, ಅಣುಬಾಂಬು ಬೇಡ ಎನ್ನುವವರ ಸಹಿಗೆ.
'ಬೂಟು ಇಟ್ಟು ಹೋಗು, ಕಾಗದ ತಗೊಂಡು ಹೋಗು.'
ಮಡಚಿ ಜೇಬಿಗಿಡುವಳು, ಮುನಿಸಿಲ್ಲದೆ,
ನಾಳೆ ಬರುತ್ತೇನೆ ಎನ್ನುವ ಹಾಲಿನವನ ಹಾಗೆ.

ಅಟ್ಟೆ ಹೊಲಿಯುವ ಮುನ್ನ ಒಳಪದರದ ಕೆಳಗೆ
ಸೀಸದಕಡ್ಡಿಯಲ್ಲಿ ಹೆಸರು ಬರೆಯುವುದು ನಮ್ಮ ಕಸುಬಿನ ರೂಢಿ.
ಪಾದ್ರಿಯ ಬೂಟಿನಲ್ಲೂ ಇದೆ, ಮಾಲೀಕರ ಬೂಟಿನಲ್ಲೂ ಇದೆ,
ಹೆಚ್ಚಿನ ಅರ್ಥ ಹುಡುಕಬೇಡಿ.
ಅಂತೂ ಒಂಬತ್ತು ಸಲ
ಓಡ್‌ಗೇರ್ ಫಿನ್‌ಬೋಗಸನ್ ಎಂಬ ಹೆಸರು
ಅವಳ ಎಡಗಾಲಿನ ಕೆಳಗೆ, ಬೆವರಲ್ಲಿ ನೆನೆಯುತ್ತ,
ಬೇಲಿಯಿಂದ ಚೌಕಕ್ಕೆ ನಡೆದಿದೆ.
ರೂಢಿಯ ಪ್ರಕಾರ ಬಲಗಾಲಿನಲ್ಲಿ ಬರೆಯಬೇಕು.
ಅದು ಬೇರೆ ಮಾತು.

ಫೆಬ್ರವರಿಯಲ್ಲಿ ಹೋದಳು.
ಪಾದ್ರಿ ಬೇಡ ಅಂದಿದ್ದಳಂತೆ, ಆದರೂ ಬಂದಿದ್ದ,
ಹಿಮದ ಮೇಲೆ ಅವನ ಬೂಟು ಕಿರ್ರೆನ್ನುತ್ತಿತ್ತು.
ವಿಮಾನನೆಲೆ ಅಲ್ಲೇ ಇದೆ. ಹೆರಿಂಗ್ ಮಾತ್ರ
ಹೇಳದೆ ಕೇಳದೆ ಬೇರೆ ಸಮುದ್ರಕ್ಕೆ ಹೋಯಿತು.
ವಾರಕ್ಕೊಮ್ಮೆ ಬೂಟಿಗೆ ಎಣ್ಣೆ ಸವರುತ್ತೇನೆ,
ಚರ್ಮ ಬಿರಿಯಬಾರದಲ್ಲ.
ನಲವತ್ತು ಕ್ರೋನ. ಪುಸ್ತಕದಲ್ಲಿ ಹಾಗೇ ಇದೆ,
ಹೊಡೆದುಹಾಕಿಲ್ಲ.